ಅಡಿಕೆ ಅಂಗಳಕ್ಕೆ ಮಹಡಿ ಮನೆಯ ನೆರಳು

ಕಳೆದ ಡಿಸೆಂಬರ್‌ನಲ್ಲಿ ಅಂತರಘಟ್ಟೆಗೆ ಹೋದಾಗ ನಮ್ಮ ಕೇರಿಯ ಅಜ್ಜಿಯೊಬ್ಬರು ಬೇಯಿಸಿದ ಅಡಿಕೆಯನ್ನು ಬಿಸಿಲು ಹುಡುಕಿಕೊಂಡು ಅತ್ತಿಂದಿತ್ತ ಎಳೆಯುತ್ತಿದ್ದರು. ಅವರ ಮನೆಯ ದಕ್ಷಿಣಕ್ಕೆ ಹೊಸದಾಗಿ ಮೂರು ಅಂತಸ್ತಿನ ಮನೆ ಎದ್ದಿದೆ. ಅಂಗಳದ ಮುಕ್ಕಾಲು ಪಾಲು ನಡುಮಧ್ಯಾಹ್ನವೂ ನೆರಳು.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಲೆಕ್ಕ ಹಾಕಿ ನೋಡಿದೆ. ಡಿಸೆಂಬರ್ ಕೊನೆಯಲ್ಲಿ ನಮ್ಮೂರಿನ ಆಕಾಶದಲ್ಲಿ ಸೂರ್ಯ ಮಧ್ಯಾಹ್ನಕ್ಕೂ ಸುಮಾರು 53 ಡಿಗ್ರಿಗಿಂತ ಮೇಲೇರುವುದಿಲ್ಲ. 30 ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ 22 ಅಡಿಗೂ ಹೆಚ್ಚು ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಅಡಿಕೆ ಒಣಗಿಸುವ ಕಾಲವೂ ಅದೇ. ಅಡಿಕೆ ದುಡ್ಡಿನಲ್ಲಿ ಕಟ್ಟಿದ ಮನೆಯೇ ಪಕ್ಕದವರ ಅಡಿಕೆ ಒಣಗಲು ಬಿಡುತ್ತಿಲ್ಲ!

ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ ಮೇಲೆ ನಮ್ಮ ಕಡೆ ಹಂಚಿನ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಹಂಚಿನ ಕಾರ್ಖಾನೆಯಿಂದ ಹರಡಿದ ಮಾಡು ಅದು. ತಗ್ಗು ಸೂರು, ಮುಂದೆ ಜಗಲಿ. ಅಂತರಘಟ್ಟಮ್ಮನ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು ಯಾರ ಜಗಲಿಯ ಮೇಲಾದರೂ ಮಲಗುತ್ತಿದ್ದರಂತೆ. ಈಗ ಜಗಲಿ ಇದ್ದ ಜಾಗದಲ್ಲಿ ಕಾಂಪೌಂಡ್, ಗೇಟು. ಒಳಗೆ ಆರು ಬೆಡ್‌ರೂಮ್, ವಾಸ ಇಬ್ಬರೇ ವಯಸ್ಸಾದವರು, ಮಕ್ಕಳು ಬೆಂಗಳೂರಲ್ಲಿ.

ದೊಡ್ಡ ಮನೆ ಕಟ್ಟುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಸೋರುವ ಹಂಚಿನ ಕೆಳಗೆ ಪಾತ್ರೆ ಇಟ್ಟವರಿಗೆ ಗೊತ್ತು ತಾರಸಿಯ ಆಸೆ. ಆದರೆ ಅದರ ಬೆಲೆಯನ್ನು ಪಕ್ಕದವರು ಯಾಕೆ ತೆರಬೇಕು? 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಹಳ್ಳಿಯಲ್ಲೂ ಮನೆ ಕಟ್ಟಲು ಗ್ರಾಮ ಪಂಚಾಯಿತಿ ಅನುಮತಿ ಬೇಕು. ಅಂದರೆ ಕೇಳುವ ಅಧಿಕಾರ ಊರಿನ ಕೈಯಲ್ಲೇ ಇದೆ. ಆದರೆ ನಾವು ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುತ್ತೇವೆಯೇ ಹೊರತು ಬಿಸಿಲಿನ ಮಾತು ಎತ್ತುವುದಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಚಂಡೀಗಢದ ಹಳೇ ಸೆಕ್ಟರ್‌ಗಳ ಒಂಟಿ ಮನೆಗಳನ್ನು ಅಪಾರ್ಟ್‌ಮೆಂಟ್ ಮಾಡುವುದಕ್ಕೆ ತಡೆ ಹಾಕಿತು. ಆ ತೀರ್ಪಿನಲ್ಲಿ, ಯೋಜನೆಯಿಲ್ಲದೆ ಬೆಳೆದು ಕೆಟ್ಟ ಊರಿಗೆ ಉದಾಹರಣೆಯಾಗಿ ಬಂದದ್ದು ನಮ್ಮ ಬೆಂಗಳೂರು. ಚಂಡೀಗಢದಂತೆ ಕೋರ್ಟಿಗೆ ಹೋಗಲು ನಮ್ಮ ಕೇರಿಯ ಅಜ್ಜಿಗೆ ಆಗುತ್ತದೆಯೇ?

ಮುಂದಿನ ವರ್ಷ ನಮ್ಮ ಮನೆಯ ಸರದಿ. 'ಪ್ಲ್ಯಾನ್ ನೀನೇ ಬರಿ, ಮೂರು ಅಂತಸ್ತು ಇರಲಿ' ಅಂದಿದ್ದಾರೆ ಅಪ್ಪ. ಉತ್ತರಕ್ಕೆ ಇರುವುದು ದೊಡ್ಡಪ್ಪನ ಅಂಗಳ. ನಾನು ಎರಡೇ ಅಂತಸ್ತು ಬರೆದು, ಮೇಲಿನದನ್ನು ದಕ್ಷಿಣಕ್ಕೆ ಸರಿಸಿ, ಮುಂದೆ ಜಗಲಿ ಇಟ್ಟಿದ್ದೇನೆ. ಅಪ್ಪ ಹಾಳೆ ನೋಡಿ, 'ಎದುರು ಮನೆಗಿಂತ ಕುಳ್ಳಾಯ್ತಲ್ಲೋ' ಅಂದರು. ಈ ಭಾನುವಾರ ದೊಡ್ಡಪ್ಪನನ್ನೂ ಕೂರಿಸಿಕೊಂಡು ಇನ್ನೊಮ್ಮೆ ತೋರಿಸುತ್ತೇನೆ.