ತಾತನ ತಪ್ಪು ಲೆಕ್ಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ವರ್ಷವೂ ಸಂಜೆ ಲೆಕ್ಕ ತಾಳೆಯಾಗದೆ ನಾನು ಮನೆಗೆ ಹೋದವನಲ್ಲ. ಅಂಥವನ ಲೆಕ್ಕ ಕಳೆದ ವರ್ಷ ಇಂಗ್ಲೆಂಡಿನ ಒಂದು ಗುಡ್ಡದ ಮೇಲೆ ತಪ್ಪಿತು. ನಷ್ಟವಾದದ್ದು ಮಾತ್ರ ನನ್ನ ಮೊಮ್ಮಗನಿಗೆ.

ಮಗಳ ಮನೆ ಇರುವುದು ಲೂಟನ್ ಊರಿನಲ್ಲಿ. ಹತ್ತಿರದಲ್ಲೇ ಡನ್‌ಸ್ಟಬಲ್ ಡೌನ್ಸ್ ಎಂಬ ಸುಣ್ಣಕಲ್ಲಿನ ಗುಡ್ಡ, 243 ಮೀಟರ್ ಎತ್ತರ. ಪಶ್ಚಿಮದಿಂದ ಬೀಸುವ ಗಾಳಿ ಆ ಇಳಿಜಾರಿಗೆ ಬಡಿದು, ಮುಂದೆ ದಾರಿಯಿಲ್ಲದೆ ಮೇಲಕ್ಕೇರುತ್ತದೆ. ಗ್ಲೈಡರ್‌ಗೆ ಎಂಜಿನ್ ಇರುವುದಿಲ್ಲ. ಅದು ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಆದರೆ ಅದು ಇಳಿಯುವುದಕ್ಕಿಂತ ಬೇಗ ಗಾಳಿ ಮೇಲೇರುತ್ತಿದ್ದರೆ ಗಂಟೆಗಟ್ಟಲೆ ಆಕಾಶದಲ್ಲಿ ಇರಬಹುದು. ಕೆಳಗೆ ನಿಂತವರು ರಿಮೋಟ್‌ನಿಂದ ತಿರುಗಿಸುತ್ತಾರೆ, ಅಷ್ಟೆ.

ಹನ್ನೆರಡರ ಮೊಮ್ಮಗ ಒಂದು ವರ್ಷ ಕೈಖರ್ಚಿನ ಹಣ ಕೂಡಿಟ್ಟಿದ್ದ. “ತಾತ, ಯಾವುದು ತಗೊಳ್ಳಲಿ? ನೀನೇ ಹೇಳು” ಅಂದ. ನಾನು ಯೋಚಿಸಲೂ ಇಲ್ಲ. ಹಗುರವಾದದ್ದು ಚೆನ್ನಾಗಿ ಹಾರುತ್ತದೆ, ಹತ್ತಿ ಹಾರೀತು, ಕಲ್ಲು ಹಾರೀತೆ? ಎರಡು ಮೀಟರ್ ಉದ್ದದ ತೆಳು ರೆಕ್ಕೆಯ, ಬಾಲ್ಸಾ ಮರದ ಗ್ಲೈಡರ್ ಕೊಡಿಸಿದೆ. ತೂಕ 480 ಗ್ರಾಂ.

ಗುಡ್ಡಕ್ಕೆ ಹೋದ ದಿನ ಗಾಳಿಯ ವೇಗ ಗಂಟೆಗೆ 40 ಕಿಲೋಮೀಟರ್. ನನ್ನ ಮಂಕಿ ಟೋಪಿಯೇ ನಿಲ್ಲುತ್ತಿರಲಿಲ್ಲ. ಮೊಮ್ಮಗ ಗ್ಲೈಡರ್ ಎಸೆದ. ಅದು ಗಾಳಿಗೆ ಮುಖಮಾಡಿ ಏರಿತು, ನಿಂತಲ್ಲೇ ನಿಂತಿತು, ಆಮೇಲೆ ಹಿಂದಕ್ಕೆ ಸರಿಯತೊಡಗಿತು. ನಮ್ಮ ತಲೆಯ ಮೇಲಿಂದ ಗುಡ್ಡದ ಹಿಂಬದಿಗೆ ಹೋಯಿತು. ಅಲ್ಲಿ ಗಾಳಿ ಸುಳಿಸುಳಿಯಾಗಿ ಕೆಳಕ್ಕೆ ಉರುಳುತ್ತದೆ. ಗ್ಲೈಡರನ್ನು ನೆಲಕ್ಕೆ ಅಪ್ಪಳಿಸಿತು. ಹುಡುಗ ಅಳಲಿಲ್ಲ. ಚೂರುಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡ. ನನ್ನನ್ನು ಬೈದಿದ್ದರೆ ವಾಸಿಯಿತ್ತು.

ಪಕ್ಕದಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು ನನ್ನ ವಯಸ್ಸಿನವರೇ. ಹತ್ತಿರ ಬಂದು, “ಈ ಗಾಳಿಗೆ ಭಾರದ್ದು ಬೇಕು” ಅಂದರು. ಮೇಲೆ ಕವಲುಬಾಲದ ಕೆಂಪು ಹದ್ದೊಂದು ರೆಕ್ಕೆಗಳನ್ನು ಅರ್ಧ ಮಡಚಿಕೊಂಡು ಗಾಳಿಗೆ ಎದುರಾಗಿ ಹೋಗುತ್ತಿತ್ತು. ಅದನ್ನೂ ತೋರಿಸಿದರು. ಆಷಾಢದ ಗಾಳಿ ಜೋರಾದಾಗ ಗಾಳಿಪಟಕ್ಕೆ ಬಾಲಂಗೋಚಿ ಉದ್ದ ಮಾಡುತ್ತಿದ್ದವನು ನಾನು. ಅದರ ಕಾರಣ ಬೇರೆ, ನಿಜ. ಆದರೂ ಜೋರು ಗಾಳಿಗೆ ಬೇರೆ ಲೆಕ್ಕ ಎಂಬುದು ಹೊಳೆಯಬೇಕಿತ್ತು.

ಮಕ್ಕಳೇ, ಈಗ ಪೆನ್ಸಿಲ್ ತೆಗೆದುಕೊಳ್ಳಿ. ರೆಕ್ಕೆಯ ಮೇಲೆ ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕಗಳನ್ನು ಎಳೆಯಿರಿ. ನಮ್ಮ ಮೊದಲ ಗ್ಲೈಡರ್‌ಗೆ 40 ಚೌಕ. 480ನ್ನು 40ರಿಂದ ಭಾಗಿಸಿದರೆ ಚೌಕವೊಂದಕ್ಕೆ 12 ಗ್ರಾಂ. ಗ್ಲೈಡರ್‌ನ ವೇಗ ನಿರ್ಧಾರವಾಗುವುದು ಈ ಅಂಕಿಯಿಂದ. ಇದು ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು, ಒಂಬತ್ತು ಪಟ್ಟಾದರೆ ಮೂರು ಪಟ್ಟು. ಶಾಲೆಯಲ್ಲಿ ವರ್ಗಮೂಲ ಕಲಿತವರಿಗೆ ಅರ್ಥವಾಗಿರಬೇಕು. ನಮ್ಮದರ ವೇಗ ಸುಮಾರು 30 ಕಿಲೋಮೀಟರ್, ಎದುರು ಗಾಳಿ 40. ಬಾಕಿ ಹತ್ತು, ಹಿಂದಕ್ಕೆ! ಇಷ್ಟು ಕಳೆಯುವ ಲೆಕ್ಕವನ್ನು ನಾನು ಅಂಗಡಿಯಲ್ಲೇ ಮಾಡಬಹುದಿತ್ತು.

ಎರಡನೆಯದಕ್ಕೆ ನನ್ನ ಪಿಂಚಣಿಯಿಂದ ಅರ್ಧ ಹಣ ಹಾಕಿದೆ. ಅದು ಬಾಲವೇ ಇಲ್ಲದ, ಬರೀ ರೆಕ್ಕೆಯ ಗ್ಲೈಡರ್. ಉದ್ದ 1.2 ಮೀಟರ್, ತೂಕ 900 ಗ್ರಾಂ, 30 ಚೌಕ. ಅಂದರೆ ಚೌಕಕ್ಕೆ 30 ಗ್ರಾಂ. ಮಾಡಿರುವುದು ಇ.ಪಿ.ಪಿ. ಎಂಬ ಫೋಮ್‌ನಿಂದ. ನೋಡಲು ಥರ್ಮೊಕೋಲ್‌ನಂತೆ, ಆದರೆ ಪಟ್ಟನೆ ಮುರಿಯುವುದಿಲ್ಲ. ಬಾಗಿ ಮತ್ತೆ ನೆಟ್ಟಗಾಗುತ್ತದೆ. ಭಾರದ ಗ್ಲೈಡರ್ ವೇಗವಾಗಿ ಬಂದು ಜೋರಾಗಿಯೇ ನೆಲಕ್ಕೆ ಬಡಿಯುವುದರಿಂದ ಇದು ಮುಖ್ಯ. ಮೊಮ್ಮಕ್ಕಳಿಗೆ ಕೊಡಿಸುವ ಅಜ್ಜ ಅಜ್ಜಿಯರು ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ತೂಕ, ರೆಕ್ಕೆಯ ವಿಸ್ತೀರ್ಣ ಎರಡನ್ನೂ ಕೇಳಿ. ಮೆಲುಗಾಳಿಯ ಜಾಗವಾದರೆ ನನ್ನ ಮೊದಲ ಗ್ಲೈಡರೇ ಸರಿ, ಅದನ್ನೂ ಹೇಳಬೇಕು.

ಇನ್ನೂ ಸ್ವಲ್ಪ ಭಾರ ಬೇಕೆನಿಸಿತು. ಸೀಸದ ತುಂಡು ಮನೆಯಲ್ಲಿರಲಿಲ್ಲ. ಅಲ್ಲಿನ ಎರಡು ಪೆನ್ಸ್ ನಾಣ್ಯದ ತೂಕ 7.12 ಗ್ರಾಂ, ಒಂದು ಪೆನ್ನಿ ಸರಿಯಾಗಿ ಅದರ ಅರ್ಧ. ಹೀಗಾಗಿ ಎರಡನ್ನೂ ಬೆರೆಸಿ ತೂಗಿದರೂ ಮೊತ್ತ ತಿಳಿಯುತ್ತದೆ. ಇದನ್ನು ಕೇಳಿ ನನಗಾದ ಸಂತೋಷ ಬ್ಯಾಂಕಿನವರಿಗೇ ಗೊತ್ತು! ಎರಡು ಪೆನ್ಸಿನ 24 ನಾಣ್ಯ, ಒಟ್ಟು 171 ಗ್ರಾಂ. ಅವನ್ನು ಎಲ್ಲೆಂದರಲ್ಲಿ ಅಂಟಿಸುವಂತಿಲ್ಲ. ಬೆರಳ ಮೇಲೆ ಗ್ಲೈಡರ್ ಎಲ್ಲಿ ತಕ್ಕಡಿಯಂತೆ ಸಮನಾಗಿ ನಿಲ್ಲುತ್ತದೋ ಆ ಗೆರೆಯ ಮೇಲೆ, ಎಡಕ್ಕೆ 12, ಬಲಕ್ಕೆ 12. ಚೌಕಕ್ಕೆ 36 ಗ್ರಾಂ ಹತ್ತಿರವಾಯಿತು, ಮೊದಲಿನದರ ಮೂರು ಪಟ್ಟು.

ಮತ್ತೆ ಅದೇ ಗುಡ್ಡ, ಹೆಚ್ಚುಕಡಿಮೆ ಅದೇ ಗಾಳಿ. ಎಸೆಯುವಾಗ ಮೊಮ್ಮಗನ ಕೈ ನಡುಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. “ತಾತ, ಮುಂದೆ ಹೋಗ್ತಿದೆ!” ಎಂದು ಕೂಗಿದಾಗಲೇ ಬಿಟ್ಟದ್ದು. ಇಪ್ಪತ್ತು ನಿಮಿಷ ಹಾರಿತು. ಇಳಿಯುವಾಗ ಮೂಗು ಕೆಳಗಾಗಿ ಬಿದ್ದು, ಚೆಂಡಿನಂತೆ ಪುಟಿದು, ಹುಲ್ಲಿನಲ್ಲಿ ಮಲಗಿತು. ಏನೂ ಆಗಿರಲಿಲ್ಲ.

ಟೇಪು ಬಿಚ್ಚಿ ನಾಣ್ಯ ಎಣಿಸಿದೆ. 23 ಇತ್ತು.

“ಬಿಡು ತಾತ, ಎರಡು ಪೆನ್ಸ್ ತಾನೆ” ಅಂದ. ಬಿಡುವುದು ಹೇಗೆ? ಅರ್ಧ ಗಂಟೆ ಇಬ್ಬರೂ ಹುಲ್ಲು ಕೆದಕಿದೆವು. ಸಿಕ್ಕಿತು.