ದೊಡ್ಡ ಆಂಪ್, ಪುಟ್ಟ ಮನೆ

ಮೂರು ಜನ ಬೇಸ್ ಗಿಟಾರ್ ನುಡಿಸೋರು ಒಟ್ಟಿಗೆ ಕೂತರೆ ಹಾಡಿನ ಮಾತು ಬರೋದು ಕೊನೆಗೆ. ಮೊದಲು ಫೆಂಡರ್, ಆಂಪೆಗ್, ಡಾರ್ಕ್‌ಗ್ಲಾಸ್! ನಾನೂ ಅದೇ ಗುಂಪಿನವನು. ಮೊನ್ನೆ ನಮ್ಮ ವೀಕೆಂಡ್ ಬ್ಯಾಂಡಿನ ಹುಡುಗ ಕೇಳಿದ, "ಅಣ್ಣಾ, ಇಎಂಐನಲ್ಲಿ ಆಂಪೆಗ್ ಎಸ್‌ವಿಟಿ ತಗೊಳ್ಳಲಾ?"

1969ರಲ್ಲಿ ಬಂದ ಈ 300 ವ್ಯಾಟ್‌ನ ಆಂಪ್ ದೊಡ್ಡ ಸ್ಟೇಜ್‌ಗಳಿಗೆ ಅಂತಲೇ ಮಾಡಿದ್ದು. ಇವನಿರೋದು ಬಾಡಿಗೆಯ ಒನ್ ಬಿಎಚ್‌ಕೆನಲ್ಲಿ.

ಅವನಿಗೆ ಜೇಮ್ಸ್ ಜೇಮರ್‌ಸನ್ ಬಗ್ಗೆ ಹೇಳಿದೆ. ಅರವತ್ತರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ಬೇಸ್ ನುಡಿಸಿದವರು. 1962ರ ಒಂದು ಫೆಂಡರ್ ಪ್ರಿಸಿಷನ್, ಬದಲಿಸದೆ ಹಳೆಯದಾದ ದಪ್ಪ ತಂತಿಗಳು, ಮೀಟೋಕೆ ಒಂದೇ ತೋರುಬೆರಳು. ಕ್ಲಬ್‌ಗಳಲ್ಲಿ ಆಂಪೆಗ್ ಬಿ-15 ಇತ್ತು ನಿಜ. ಸ್ಟುಡಿಯೋದಲ್ಲಿ ಮಾತ್ರ ಗಿಟಾರಿನ ವೈರ್ ನೇರ ಮಿಕ್ಸರ್‌ಗೆ. ಜಗತ್ತು ತಲೆದೂಗಿದ ಆ ಸದ್ದಿನಲ್ಲಿ ಬಹುಪಾಲು ಆಂಪೇ ಇಲ್ಲ!

ಹಾಗಂತ ಏನೂ ಬೇಡ ಅನ್ನಲ್ಲ. ಟ್ಯೂನರ್ ಪೆಡಲ್ ಬೇಕೇ ಬೇಕು. ಮಿಕ್ಸರ್‌ಗೆ ಕೊಡೋಕೆ ಒಂದು ಡಿಐ ಬಾಕ್ಸ್. ಕಂಪ್ರೆಸರ್ ಇದ್ದರೆ ಜೋರು, ಮೆಲ್ಲಗೆ ನುಡಿಸಿದ ಸ್ವರಗಳ ಅಂತರ ಕಮ್ಮಿಯಾಗುತ್ತೆ. ಡಿಸ್ಟಾರ್ಷನ್ ಕೊಳ್ಳುವಾಗ ಮೂಲ ಸದ್ದನ್ನೂ ಬೆರೆಸುವ ಬ್ಲೆಂಡ್ ನಾಬ್ ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟೋ ಪೆಡಲ್‌ಗಳಲ್ಲಿ ಬೇಸಿನ ಗುಂಗೇ ಮಾಯ. ಆಂಪ್? ಪ್ರಾಕ್ಟೀಸ್ ರೂಮಿನದೇ ಸಾಕು.

ಇನ್ನೊಂದು: ಪೆಡಲ್ ಡೆಮೊ ವಿಡಿಯೋಗಳನ್ನ ಫೋನ್ ಸ್ಪೀಕರ್‌ನಲ್ಲಿ ಕೇಳಿ ಆರ್ಡರ್ ಮಾಡ್ಬೇಡಿ. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್, ಆ ಪುಟ್ಟ ಸ್ಪೀಕರಿಗೆ ಅದು ಎಟುಕಲ್ಲ. ಹೆಡ್‌ಫೋನ್ ಹಾಕ್ಕೊಳ್ಳಿ.