ಶನಿವಾರ ಹೊರಟು ಸೋಮವಾರಕ್ಕೆ

ಭೂಪಟದಲ್ಲಿ ಬೆಂಗಳೂರಿನಿಂದ ಸಾನ್‌ಫ್ರಾನ್ಸಿಸ್ಕೋ ನಗರಕ್ಕೆ ಗೆರೆಯೆಳೆಯಹೊರಟವನು ಅಟ್ಲಾಂಟಿಕ್ ಸಾಗರವನ್ನು ದಾಟಿಯಾನು, ಇಲ್ಲವೇ ಪೆಸಿಫಿಕ್ಕನ್ನು. ಭೂಗೋಲದ ಮೇಲೆ ದಾರವನ್ನು ಬಿಗಿಹಿಡಿದು ನೋಡಿದರೆ ಅದು ಉತ್ತರದ ಹಿಮಪ್ರದೇಶದತ್ತ ಏರುತ್ತದೆ. ಅಳತೆ ಸುಮಾರು 14,000 ಕಿಲೋಮೀಟರು.

2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮೊದಲಾದ ನಾಲ್ವರು ಮಹಿಳೆಯರ ಸಾರಥ್ಯದಲ್ಲಿ, ಧ್ರುವಮಾರ್ಗವಾಗಿ, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ಹಿಡಿದ ಕಾಲ ಸುಮಾರು 17 ಗಂಟೆ. ಉಳಿದದ್ದು ಕೆಲವೇ ಗಂಟೆಗಳಲ್ಲವೆ ಎಂದು ಮೂಗು ಮುರಿಯುವವರಿಗೆ, ಕ್ಯಾಲಿಫೋರ್ನಿಯದಲ್ಲಿ ಮಗನಿರುವ, ಕನ್ನಡವೊಂದನ್ನೇ ಬಲ್ಲ ವೃದ್ಧೆಯ ಕಷ್ಟ ತಿಳಿಯದು. ಆಕೆ ಆಕಾಶಕ್ಕೆ ಅಂಜಳು. ನಡುದಾರಿಯ ಪರದೇಶದಲ್ಲಿ ಇಳಿದು, ಓದಲಾರದ ಫಲಕಗಳ ನಡುವೆ ಇನ್ನೊಂದು ವಿಮಾನದ ಬಾಗಿಲನ್ನು ಹುಡುಕಬೇಕಲ್ಲ, ಅದಕ್ಕೆ ಅಂಜುತ್ತಾಳೆ.

ಗಡಿಯಾರದ ಚೇಷ್ಟೆ ಬೇರೆ. ಚಳಿಗಾಲದಲ್ಲಿ ಎರಡೂರುಗಳಿಗೂ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಶನಿವಾರ ಹತ್ತಿದ ಆ ಪ್ರಯಾಣಿಕರು ಇಳಿದದ್ದು ಸೋಮವಾರ ಬೆಳಗಿನ ಜಾವ; ನಡುವಿನ ಭಾನುವಾರ ಮುಗಿಲಿನ ಪಾಲು. ಇಲ್ಲಿಂದ ಹೋಗುವವರಾದರೋ 16 ಗಂಟೆ ಹಾರಿದರೂ ಗಡಿಯಾರದ ಲೆಕ್ಕಕ್ಕೆ ಎರಡೂವರೆ ಗಂಟೆಯಷ್ಟೆ. ಮಧ್ಯಾಹ್ನ ಊಟ ಮುಗಿಸಿ ವಿಮಾನವೇರಿದ ತಾಯಿ, ಅದೇ ತಾರೀಖಿನ ಸಂಜೆ ಮಗನ ಊರಿನಲ್ಲಿ!